ನೀಹಾರಿಕೆಗೆ ಆಕಾರ ಬರುವುದು ಹೇಗೆ? ಖಭೌತ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಒಂದು ನೀಹಾರಿಕೆ ಉಂಗುರದ ಹಾಗಿದೆ, ಇನ್ನೊಂದು ಚಿಟ್ಟೆಯ ಹಾಗೆ, ಮತ್ತೊಂದರಲ್ಲಿ ಕಂಬಗಳು ನಿಂತಿವೆ. ಎಲ್ಲವೂ ಅನಿಲ, ದೂಳು ತಾನೇ? ಗುರುತ್ವಾಕರ್ಷಣೆ ಇವನ್ನೆಲ್ಲ ಗ್ರಹಗಳಂತೆ ಉರುಟು ಮಾಡಬೇಕಿತ್ತಲ್ಲವೇ?

ಉತ್ತರ: ಗುರುತ್ವ ಉರುಟು ಮಾಡುವುದು ದಟ್ಟವಾದ ವಸ್ತುವನ್ನು. ಹೊಳೆಯುವ ನೀಹಾರಿಕೆಯ ಒಂದು ಘನ ಸೆಂಟಿಮೀಟರಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಹತ್ತು ಸಾವಿರ ಕಣಗಳಿರುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳು. ಇಷ್ಟು ತೆಳುವಾದ, ಅದೂ 10,000 ಕೆಲ್ವಿನ್‌ನಷ್ಟು ಬಿಸಿಯಾದ ಅನಿಲವನ್ನು ಅದರ ಸ್ವಂತ ಗುರುತ್ವ ಹಿಡಿದಿಡಲಾರದು. ಅದು ಹಿಗ್ಗುತ್ತಲೇ ಇರುತ್ತದೆ. ಪಕ್ಕದಲ್ಲೇ ಇರುವ ಅಣುಮೋಡದ (ಅಣುಗಳಿಂದಾದ ತಣ್ಣನೆಯ ಅನಿಲದ ಮೋಡ) ತಾಪ 10ರಿಂದ 20 ಕೆಲ್ವಿನ್. ಸಾಂದ್ರತೆ ಒಂದೇ ಆಗಿದ್ದರೂ ಎರಡರ ಒತ್ತಡದ ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರ. ಆಕಾರ ಹುಟ್ಟುವುದು ಈ ಒತ್ತಡದ ವ್ಯತ್ಯಾಸದಿಂದ. ಸುತ್ತಲಿನ ಅನಿಲ ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಹಿಗ್ಗಿದ್ದು ಗೋಳವೇ ಆಗುತ್ತಿತ್ತು. 1939ರಲ್ಲಿ ಖಭೌತ ತಜ್ಞ ಸ್ಟ್ರೋಮ್‌ಗ್ರೆನ್ ಲೆಕ್ಕ ಹಾಕಿದ್ದು ಅಂಥ ಆದರ್ಶ ಗೋಳವನ್ನೇ. ನಿಜವಾದ ಮೋಡ ಎಂದೂ ಒಂದೇ ಸಮ ಇರುವುದಿಲ್ಲ. ಬಬಲ್ ನೀಹಾರಿಕೆಯಲ್ಲಿ (ಎನ್‌ಜಿಸಿ 7635) ನಕ್ಷತ್ರ ಗುಳ್ಳೆಯ ನಡುವಿನಲ್ಲಿಲ್ಲ, ಒಂದು ಬದಿಗೆ ಸರಿದಂತಿದೆ. ಆ ಬದಿಯ ಅನಿಲ ದಟ್ಟವಾಗಿದ್ದರಿಂದ ಗುಳ್ಳೆ ಅತ್ತ ಕಡಿಮೆ ಹಿಗ್ಗಿತು, ಅಷ್ಟೆ.

ಪ್ರಶ್ನೆ: ಹದ್ದು ನೀಹಾರಿಕೆಯ (ಎಂ 16) ಕಂಬಗಳನ್ನು ನಕ್ಷತ್ರಗಳ ಮಾರುತ, ಎಂದರೆ ಅವುಗಳಿಂದ ಹೊರಹರಿಯುವ ಕಣಗಳ ಪ್ರವಾಹ, ಕೆತ್ತಿದೆ ಎಂದು ಓದಿದ್ದೆ. ಸರಿಯೇ?

ಉತ್ತರ: ಪೂರ್ತಿ ಸರಿಯಲ್ಲ. ಅಲ್ಲಿ ಮುಖ್ಯ ಕೆಲಸ ನೇರಳಾತೀತ ಬೆಳಕಿನದು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು 13.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು, ಎಂದರೆ 91.2 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರ. ಇದನ್ನು ಹೇರಳವಾಗಿ ಸೂಸುವುದು ಅತಿ ಬಿಸಿಯಾದ ಓ ವರ್ಗದ ನಕ್ಷತ್ರಗಳು. ಬೆಳಕು ತಾಕಿದ ಮೋಡದ ಮೇಲ್ಮೈ ಬಿಸಿಯಾಗಿ, ಅಲ್ಲಿಂದ ಅನಿಲ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ ಆವಿಯಂತೆ ಎದ್ದು ಹೋಗುತ್ತದೆ. ತೆಳುವಾದ ಜಾಗ ಬೇಗ ಬರಿದಾಗುತ್ತದೆ. ದಟ್ಟವಾದ ಗಂಟು ಮಾತ್ರ ತಡೆದು ನಿಂತು, ಕೊಡೆ ಹಿಡಿದಂತೆ ಹಿಂದಿನ ಅನಿಲಕ್ಕೆ ನೆರಳಾಗುತ್ತದೆ. ಆ ನೆರಳಿನಲ್ಲಿ ಉಳಿದದ್ದೇ ಕಂಬ. ಎಂ 16ರ ಅತಿ ಉದ್ದದ ಕಂಬ ಸುಮಾರು 4 ಜ್ಯೋತಿರ್ವರ್ಷ.

ಪರೀಕ್ಷಿಸುವುದು ಸುಲಭ. ಚಿತ್ರದಲ್ಲಿ ಪ್ರತಿ ಕಂಬದ ಬುಡದಿಂದ ತುದಿಯ ಕಡೆಗೆ ಗೆರೆ ಎಳೆದು ಮುಂದುವರಿಸಿ. ಗೆರೆಗಳು ಬಿಸಿ ನಕ್ಷತ್ರಗಳ ಗುಂಪಿನತ್ತ ಹೋಗಬೇಕು. ಇಲ್ಲಿ ಅದು ಎನ್‌ಜಿಸಿ 6611. ಕತ್ತರಿಸಿದ ಚಿತ್ರ ಬಳಸಿದರೆ ಗುಂಪು ಚೌಕಟ್ಟಿನ ಆಚೆಗೇ ಉಳಿದು ಏನೂ ಸಿಗುವುದಿಲ್ಲ, ಹಾಗಾಗಿ ಅಗಲ ನೋಟದ ಚಿತ್ರವೇ ಬೇಕು.

ಮಾರುತದ ಕೈಚಳಕ ನೋಡಬೇಕೆಂದರೆ ರೋಸೆಟ್ ನೀಹಾರಿಕೆಯ ನಡುವಿನ ಖಾಲಿ ಜಾಗ ನೋಡಿ. ಅದನ್ನು ತೆರವು ಮಾಡುವುದರಲ್ಲಿ ಎನ್‌ಜಿಸಿ 2244 ಗುಂಪಿನ ನಕ್ಷತ್ರಗಳ ಮಾರುತಕ್ಕೆ ದೊಡ್ಡ ಪಾಲಿದೆ.

ಪ್ರಶ್ನೆ: ಗ್ರಹೀಯ ನೀಹಾರಿಕೆಯನ್ನು (ಮುಪ್ಪಿನ ನಕ್ಷತ್ರ ಹೊರಹಾಕಿದ ಅನಿಲದ ಚಿಪ್ಪು) ಉಗುಳುವುದು ಒಂದೇ ನಕ್ಷತ್ರ, ಅದೂ ಉರುಟಾದದ್ದು. ಹಾಗಿದ್ದೂ ಚಿಟ್ಟೆ, ಮರಳು ಗಡಿಯಾರದಂಥ ರೂಪ ಹೇಗೆ?

ಉತ್ತರ: ಈ ವಿಷಯದಲ್ಲಿ ಅತಿ ಸೊಗಸಾದ ಪ್ರಶ್ನೆ ಇದು. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಕೆಂಪು ದೈತ್ಯವಾದಾಗ ಸೆಕೆಂಡಿಗೆ 10ರಿಂದ 20 ಕಿ.ಮೀ. ವೇಗದ ನಿಧಾನ ಮಾರುತದಲ್ಲಿ ಹೊರಪದರ ಕಳೆದುಕೊಳ್ಳುತ್ತದೆ. ಒಳಗಿನ ತಿರುಳು ಬಯಲಾದ ಮೇಲೆ 1,000 ಕಿ.ಮೀ. ಮೀರಿದ ವೇಗದ, ಆದರೆ ತೀರ ತೆಳುವಾದ ಎರಡನೇ ಮಾರುತ ಹೊರಡುತ್ತದೆ. ವೇಗದ್ದು ನಿಧಾನದ್ದನ್ನು ಹಿಂದಿನಿಂದ ಗುದ್ದಿ ಒತ್ತರಿಸಿದಾಗ ಚಿಪ್ಪು ಮೂಡುತ್ತದೆ. 1978ರಲ್ಲಿ ಸನ್ ಕ್ವೋಕ್ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆ ಇದು.

ಚಿಪ್ಪು ಯಾಕೆ ಮೂಡುತ್ತದೆ ಎಂಬುದಕ್ಕೆ ಇಷ್ಟು ಸಾಕು, ಚಿಟ್ಟೆಗೆ ಸಾಲದು. ಚಿಟ್ಟೆಯಾಗಬೇಕಾದರೆ ಮೊದಲ ಮಾರುತ ನಡುಭಾಗದಲ್ಲಿ ದಟ್ಟವಾಗಿ, ಧ್ರುವಗಳ ಕಡೆ ತೆಳುವಾಗಿರಬೇಕು. ಆಗ ವೇಗದ ಮಾರುತಕ್ಕೆ ನಡುವಿನಲ್ಲಿ ದಾರಿ ಸಿಗದೆ ಎರಡು ತುದಿಗಳಿಂದ ನುಗ್ಗುತ್ತದೆ. ನಡುವಿನಲ್ಲಿ ಅನಿಲವನ್ನು ಹೀಗೆ ಪೇರಿಸುವುದು ಬಹುಪಾಲು ಜೊತೆಗಾರ ನಕ್ಷತ್ರ. ಅದು ದೈತ್ಯದ ಸುತ್ತ, ಕೆಲವೊಮ್ಮೆ ದೈತ್ಯದ ಹೊರಪದರದ ಒಳಗೇ ಸುತ್ತುತ್ತಾ ತನ್ನ ಕಕ್ಷೆಯ ಸಮತಲದಲ್ಲಿ ಅನಿಲವನ್ನು ಹೊರಚೆಲ್ಲುತ್ತದೆ. ಎನ್‌ಜಿಸಿ 6302ರ ಸೊಂಟದಲ್ಲಿ ಕಾಣುವ ಕಪ್ಪು ದೂಳಿನ ಪಟ್ಟಿ ಅಂಥದ್ದು. ನಕ್ಷತ್ರದ ಕಾಂತಕ್ಷೇತ್ರವೊಂದೇ ಈ ಕೆಲಸ ಮಾಡಬಲ್ಲದೆಂಬ ವಾದ ನನಗೆ ದುರ್ಬಲವಾಗಿ ಕಾಣುತ್ತದೆ. ಒಂಟಿ ನಕ್ಷತ್ರದಲ್ಲಿ ಅಷ್ಟು ಪ್ರಬಲ ಕ್ಷೇತ್ರವನ್ನು ಅಷ್ಟು ಕಾಲ ಉಳಿಸಿಕೊಳ್ಳಲು ಬೇಕಾದ ಭ್ರಮಣ ಸಿಗುವುದು ಕಷ್ಟ.

ಒಂದು ಎಚ್ಚರಿಕೆ: ನಡುವಿನಲ್ಲಿ ಹೊಳೆಯುವ ನಕ್ಷತ್ರವೇ ನೀಹಾರಿಕೆಯನ್ನು ಹೊರಹಾಕಿದ್ದು ಎಂದುಕೊಳ್ಳಬೇಡಿ. ಎನ್‌ಜಿಸಿ 3132ರಲ್ಲಿ ಪ್ರಕಾಶಮಾನವಾದದ್ದು ಜೊತೆಗಾರ. ಅನಿಲ ಕಳೆದುಕೊಂಡದ್ದು ಪಕ್ಕದ ಮಂಕು ನಕ್ಷತ್ರ.

ಪ್ರಶ್ನೆ: ಸ್ಫೋಟಿಸಿದ ನಕ್ಷತ್ರಗಳ ಅವಶೇಷಗಳಾದ ಏಡಿ ನೀಹಾರಿಕೆಯಲ್ಲೂ ವೇಲ್ ನೀಹಾರಿಕೆಯಲ್ಲೂ ನೂಲಿನಂಥ ಎಳೆಗಳಿವೆ. ಎರಡಕ್ಕೂ ಕಾರಣ ಒಂದೇ?

ಉತ್ತರ: ಅಲ್ಲ. ಏಡಿಯಲ್ಲಿ ಪಲ್ಸಾರ್ (ಸ್ಫೋಟದ ನಂತರ ಉಳಿದ, ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ) ಊದಿದ ಹಗುರ ಪ್ಲಾಸ್ಮಾ ಭಾರವಾದ ಸ್ಫೋಟದ ಅನಿಲವನ್ನು ಹೊರಕ್ಕೆ ತಳ್ಳುತ್ತಿದೆ. ಹಗುರವಾದದ್ದು ಭಾರವಾದದ್ದನ್ನು ತಳ್ಳಿದಾಗ ಗಡಿ ಸಮವಾಗಿ ನಿಲ್ಲದೆ, ಭಾರವಾದದ್ದು ಬೆರಳುಗಳಂತೆ ಒಳಕ್ಕೆ ಇಳಿಯುತ್ತದೆ. ಇದು ರೇಲೀ–ಟೇಲರ್ ಅಸ್ಥಿರತೆ. ಅಲ್ಲಿನ ಎಳೆಗಳು ನಿಜಕ್ಕೂ ಎಳೆಗಳೇ. ವೇಲ್‌ನಲ್ಲಿ ಕಾಣುವ ನೂಲುಗಳಲ್ಲಿ ಹೆಚ್ಚಿನವು ಆಘಾತ ತರಂಗದ ಅಲೆಅಲೆಯಾದ ತೆಳು ಹಾಳೆಗಳು. ಹಾಳೆ ಅಂಚು ತಿರುಗಿಸಿದ ಕಡೆ ನಮ್ಮ ದೃಷ್ಟಿರೇಖೆ ಹೆಚ್ಚು ಅನಿಲದ ಮೂಲಕ ಹಾಯುವುದರಿಂದ ಅಲ್ಲಿ ಗೆರೆ ಹೊಳೆಯುತ್ತದೆ, ಮುಖ ತೋರಿಸಿದ ಕಡೆ ಏನೂ ಕಾಣದು. ಟೊಳ್ಳು ಗೋಳ ಉಂಗುರವಾಗಿ ಕಾಣುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಆಕಾರದ ಅಳತೆಯಿಂದ ವಯಸ್ಸು ಹೇಳಬಹುದೇ?

ಉತ್ತರ: ಅಂದಾಜು ಹೇಳಬಹುದು. ತ್ರಿಜ್ಯವನ್ನು ಜ್ಯೋತಿರ್ವರ್ಷದಲ್ಲಿ ತೆಗೆದುಕೊಂಡು 3 ಲಕ್ಷದಿಂದ ಗುಣಿಸಿ, ಸೆಕೆಂಡಿಗೆ ಕಿ.ಮೀ. ಲೆಕ್ಕದ ವೇಗದಿಂದ ಭಾಗಿಸಿ. ತ್ರಿಜ್ಯ 1 ಜ್ಯೋತಿರ್ವರ್ಷ, ವೇಗ 20 ಕಿ.ಮೀ. ಆದರೆ 15,000 ವರ್ಷ. ವೇಗ ಬದಲಾಗಿಲ್ಲ ಎಂದು ಊಹಿಸಿದ್ದೇವೆ, ಲೆಕ್ಕ ತಪ್ಪುವುದು ಅಲ್ಲಿಯೇ. ಏಡಿಯ ಎಳೆಗಳ ಚಲನೆಯನ್ನು ಹಿಂದಕ್ಕೆ ಓಡಿಸಿದರೆ 12ನೇ ಶತಮಾನಕ್ಕೆ ಬಂದು ನಿಲ್ಲುತ್ತದೆ. ಚೀನಾದವರು ಆ ಸೂಪರ್‌ನೋವಾವನ್ನು ದಾಖಲಿಸಿದ್ದು 1054ರಲ್ಲಿ. ಪಲ್ಸಾರ್ ಇಂದಿಗೂ ತಳ್ಳುತ್ತಿರುವುದರಿಂದ ಅನಿಲದ ವೇಗ ಏರಿದೆ, ವಯಸ್ಸು ಕಡಿಮೆ ಬರುತ್ತದೆ.

ಪ್ರಶ್ನೆ: ನಾನು ತೆಗೆದ ಚಿತ್ರದಲ್ಲಿ ಕಂಡ ಆಕಾರ ನಿಜವೋ, ಸಂಸ್ಕರಣೆಯಲ್ಲಿ ಹುಟ್ಟಿದ್ದೋ ತಿಳಿಯುವುದು ಹೇಗೆ?

ಉತ್ತರ (ಚಿತ್ರಣ ವಿಭಾಗದ ತಜ್ಞರಿಂದ): ಫಿಲ್ಟರಿನಿಂದ ಶುರು ಮಾಡಿ. ಉಂಗುರ ನೀಹಾರಿಕೆಯಲ್ಲಿ (ಎಂ 57) 500.7 ನ್ಯಾನೋಮೀಟರಿನ ಆಮ್ಲಜನಕದ ಬೆಳಕು ಒಳಭಾಗದಲ್ಲಿ, 658.4ರ ಸಾರಜನಕದ ಬೆಳಕು ಹೊರ ಅಂಚಿನಲ್ಲಿ ಹೆಚ್ಚು. ಒಂದೇ ಫಿಲ್ಟರಿನಲ್ಲಿ ನೋಡಿದರೆ ಒಂದು ಪದರ ಮಾತ್ರ ಸಿಕ್ಕೀತು. ಹೈಡ್ರೋಜನ್‌ನ 656.3ಕ್ಕೆಂದು 7 ನ್ಯಾನೋಮೀಟರ್ ಅಗಲದ ಫಿಲ್ಟರ್ ಹಾಕಿದರೆ ಸಾರಜನಕವೂ ಒಳಬರುತ್ತದೆ, 3 ನ್ಯಾನೋಮೀಟರಿನದು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಎಫ್/2ರಂಥ ವೇಗದ ದೂರದರ್ಶಕದಲ್ಲಿ ಫಿಲ್ಟರಿನ ಕಿಂಡಿ (ಅದು ಒಳಬಿಡುವ ತರಂಗಾಂತರಗಳ ಪಟ್ಟಿ) ನೀಲಿಯ ಕಡೆ ಸರಿಯುವುದರಿಂದ ಅದಕ್ಕೆಂದೇ ತಯಾರಿಸಿದ್ದು ಬೇಕು.

ಸಂಸ್ಕರಣೆಯಲ್ಲಿ ಕೆಡುವುದು ಮುಖ್ಯವಾಗಿ ಎರಡು ಕಡೆ. ಹಿನ್ನೆಲೆ ಸಮ ಮಾಡುವ ಹಂತದಲ್ಲಿ ಮಾದರಿ ಬಿಂದುಗಳನ್ನು ಮಂಕು ಹೊರಚಿಪ್ಪಿನ ಮೇಲೆ ಇಟ್ಟರೆ ತಂತ್ರಾಂಶ ಅದನ್ನು ಬೆಳಕಿನ ಮಾಲಿನ್ಯ ಎಂದು ತಿಳಿದು ಅಳಿಸಿಬಿಡುತ್ತದೆ. ಹರಿತಗೊಳಿಸುವ ಹಂತ ಅತಿಯಾದರೆ ಪ್ರಖರ ನಕ್ಷತ್ರಗಳ ಸುತ್ತ ಕಪ್ಪು ಉಂಗುರ ಏಳುತ್ತದೆ. ಅದನ್ನು ನೀಹಾರಿಕೆಯ ಕುಳಿ ಎಂದು ನಂಬುವವರಿದ್ದಾರೆ. ಎಕ್ಸ್‌ಪೋಷರುಗಳನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ಪೇರಿಸಿ. ಒಂದರಲ್ಲಿ ಮಾತ್ರ ಕಂಡ ಎಳೆ ಗದ್ದಲದ್ದೇ (ಕ್ಯಾಮೆರಾದ ಯಾದೃಚ್ಛಿಕ ಏರಿಳಿತ). ಎರಡರಲ್ಲೂ ಕಂಡರೆ, ಹರಿತಗೊಳಿಸುವ ಮೊದಲಿನ ಚಿತ್ರದಲ್ಲೂ ಅದು ಇದೆಯೇ ಎಂದು ನೋಡಿ.

ಪ್ರಶ್ನೆ: ಕೆಲವೇ ತಿಂಗಳಲ್ಲಿ ಆಕಾರ ಬದಲಾಯಿಸುವ ನೀಹಾರಿಕೆ ಇದೆಯೇ?

ಉತ್ತರ: ಎನ್‌ಜಿಸಿ 2261, ಹಬಲ್‌ನ ಚಂಚಲ ನೀಹಾರಿಕೆ. ವಾರಗಳ ಅಂತರದಲ್ಲೇ ಬದಲಾವಣೆ ಕಾಣುತ್ತದೆ, ಆದರೆ ಅನಿಲ ಓಡಿದ್ದರಿಂದಲ್ಲ. ಆರ್ ಮೊನೊಸೆರೋಟಿಸ್ ನಕ್ಷತ್ರದ ಸಮೀಪದಲ್ಲಿ ಸುತ್ತುವ ದೂಳಿನ ಗಂಟುಗಳ ನೆರಳು ನೀಹಾರಿಕೆಯ ಮೇಲೆ ಹಾದುಹೋಗುತ್ತದೆ. ಯಾವುದೇ ಬದಲಾವಣೆ ಕಂಡಾಗ ಕೋನದ ಅಂತರವನ್ನು (ರೇಡಿಯನ್‌ನಲ್ಲಿ) ದೂರದಿಂದ ಗುಣಿಸಿ, ನಡುವೆ ಕಳೆದ ಕಾಲದಿಂದ ಭಾಗಿಸಿ ವೇಗ ತೆಗೆಯಿರಿ. ಉತ್ತರ ಸೆಕೆಂಡಿಗೆ ಸಾವಿರಾರು ಕಿ.ಮೀ.ಯ ಒಳಗಿದ್ದರೆ ಅನಿಲವೇ ಚಲಿಸಿರಬಹುದು, ಬೆಳಕಿನ ವೇಗದ ಆಸುಪಾಸಿಗೆ ಬಂದರೆ ನೆರಳು ಇಲ್ಲವೇ ಬೆಳಕಿನ ಪ್ರತಿಧ್ವನಿ (ದೂಳಿಗೆ ತಾಕಿ ತಡವಾಗಿ ನಮ್ಮನ್ನು ತಲುಪುವ ಬೆಳಕು).