ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಕೇಬಲ್ ಸಾಕಾ, ಎರಡು ಬೇಕಾ?

ಪ್ರಶ್ನೆ:
ಮೇಡಂ, ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುತ್ತಿದ್ದೇನೆ. ರೇಡಿಯಾನ್ ಆರ್‌ಎಕ್ಸ್ 7800 ಎಕ್ಸ್‌ಟಿ. ಅದರ ಮೇಲೆ 8 ಪಿನ್‌ನ ಎರಡು ಸಾಕೆಟ್ ಇವೆ. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) 750 ವ್ಯಾಟ್‌ನದು, ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದು. ಅದರ ಜೊತೆ ಬಂದ ಒಂದು ಕೇಬಲ್‌ನ ತುದಿಯಲ್ಲೇ ಎರಡು ಪ್ಲಗ್ ಇವೆ. ಮೊದಲನೇ ಪ್ಲಗ್‌ನಿಂದ ಗೇಣುದ್ದ ವೈರ್ ಹೊರಟು ಎರಡನೆಯದಕ್ಕೆ ಸೇರಿದೆ. ಆ ಒಂದನ್ನೇ ಎರಡೂ ಸಾಕೆಟ್‌ಗೆ ಹಾಕಿದರೆ ಸಾಕಲ್ವಾ? ಅಣ್ಣ ಬೇರೆ ಬೇರೆ ಕೇಬಲ್ ಹಾಕು ಅನ್ನುತ್ತಾನೆ. ಫ್ರೆಂಡ್ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅನ್ನುತ್ತಾನೆ. ಬಾಕ್ಸ್‌ನಲ್ಲಿ ಅಂಥದ್ದೇ ಇನ್ನೊಂದು ಕೇಬಲ್ ಕೂಡ ಇದೆ.

ಉತ್ತರ:
ಎರಡು ಹಾಕಿ. ಇನ್ನೊಂದು ಕೇಬಲ್ ಕೈಯಲ್ಲೇ ಇದೆ ಅಂದ ಮೇಲೆ ಅದನ್ನು ಉಳಿಸಿ ಏನು ಮಾಡುತ್ತೀರಿ?

ಲೆಕ್ಕ ನೋಡಿ. ಈ ಕಾರ್ಡ್ ಪೂರ್ತಿ ಕೆಲಸ ಮಾಡುವಾಗ 263 ವ್ಯಾಟ್ ಎಳೆಯುತ್ತದೆ. ಮದರ್‌ಬೋರ್ಡ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು, ಕಾರ್ಡ್ ಅಷ್ಟನ್ನೂ ಅಲ್ಲಿಂದಲೇ ತಗೊಳ್ಳಬೇಕು ಅಂತೇನಿಲ್ಲ. ಹಾಗಾಗಿ ಸುಮಾರು 200 ವ್ಯಾಟ್ ಕೇಬಲ್‌ನಲ್ಲೇ ಬರಬೇಕು. 6 ಪಿನ್ ಪ್ಲಗ್‌ನ ಮಿತಿ 75 ವ್ಯಾಟ್, 8 ಪಿನ್‌ದು 150. ಎಲ್ಲರೂ ಕಾರ್ಡ್ ಕಡೆ ನಿಂತು ಪ್ಲಗ್ ಎಣಿಸುತ್ತಾರೆ: ಎರಡು ಪ್ಲಗ್, 300 ವ್ಯಾಟ್, ಆಯ್ತು ಅಂತ. ನೀವು ಎಸ್‌ಎಂಪಿಎಸ್ ಕಡೆ ಹೋಗಿ ಎಣಿಸಿ. ಅಲ್ಲಿಂದ ಎಷ್ಟು ಕೇಬಲ್ ಹೊರಡುತ್ತಿವೆ? ಒಂದೇ. 12 ವೋಲ್ಟ್ ಹೊತ್ತು ತರುವ ವೈರ್ ಅದರಲ್ಲಿ ಸಾಮಾನ್ಯವಾಗಿ ಮೂರೇ. ತುದಿಯಲ್ಲಿ ಎಷ್ಟು ಪ್ಲಗ್ ನೇತುಹಾಕಿದರೂ ಕರೆಂಟ್ ಆ ಮೂರರಲ್ಲೇ ಬರಬೇಕು.

ವೈರ್ ಬಿಸಿಯಾಗುವುದು ಕರೆಂಟ್‌ನ ವರ್ಗದ ಲೆಕ್ಕದಲ್ಲಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ತಿರುಗಿಸಿ ಹೇಳಿದರೆ, ಅದೇ ಕರೆಂಟನ್ನು ಎರಡು ಕೇಬಲ್‌ಗೆ ಹಂಚಿದರೆ ಪ್ರತಿ ವೈರ್‌ನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಈ ಲಾಭ ಪುಕ್ಕಟೆ ಸಿಗುವಾಗ ಬಿಡುವುದ್ಯಾಕೆ?

ಒಬ್ಬ ಸದಸ್ಯರು:
ಆದರೆ ಮೇಡಂ, ಆ ಎರಡು ಪ್ಲಗ್‌ನ ಕೇಬಲ್ ಕಂಪನಿಯವರೇ ಕೊಟ್ಟಿದ್ದಲ್ವಾ? ಅಪಾಯ ಇದ್ದರೆ ಕೊಡುತ್ತಿದ್ದರಾ? ನಾನು ಒಂದರಲ್ಲೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ.

ಉತ್ತರ:
ನಿಮ್ಮ ಮಾತೂ ಸರಿಯೇ. ಒಳ್ಳೆಯ ಎಸ್‌ಎಂಪಿಎಸ್ ಆಗಿದ್ದು, ಕಾರ್ಡ್ 200 ವ್ಯಾಟ್ ಆಸುಪಾಸಿನದಾದರೆ ಒಂದೇ ಕೇಬಲ್‌ನಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಕೇಬಲ್ ಮೇಲೆ ಗೇಜ್ ಬರೆದಿರುತ್ತದೆ, ನೋಡಿ. 16 ಅಂತಿದ್ದರೆ ದಪ್ಪ ವೈರ್, 18 ಅಂತಿದ್ದರೆ ಅದಕ್ಕಿಂತ ತೆಳು. ಈ ಲೆಕ್ಕದಲ್ಲಿ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ.

ತೊಂದರೆ ಶುರುವಾಗುವುದು 300 ವ್ಯಾಟ್ ದಾಟುವ ಕಾರ್ಡ್‌ಗಳಲ್ಲಿ. ಆರ್‌ಟಿಎಕ್ಸ್ 3080 ತಗೊಳ್ಳಿ, 320 ವ್ಯಾಟ್. ಅಂಥ ಕಾರ್ಡ್ ಸರಾಸರಿ ಲೆಕ್ಕದಲ್ಲಿ ಅಷ್ಟು ಎಳೆದರೂ ಕ್ಷಣಮಾತ್ರ ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತದೆ. ಆಟ ಆಡುವಾಗ ಮಾತ್ರ ಸಿಸ್ಟಮ್ ದಿಢೀರ್ ಅಂತ ಆಫ್ ಆಗುತ್ತದೆ, ಬ್ರೌಸಿಂಗ್ ಮಾಡುವಾಗ ಏನೂ ಆಗಲ್ಲ ಅಂತ ಯಾರಾದರೂ ಬಂದರೆ ನಾನು ಮೊದಲು ನೋಡುವ ಜಾಗಗಳಲ್ಲಿ ಈ ಒಂಟಿ ಕೇಬಲ್ ಕೂಡ ಒಂದು. ಡ್ರೈವರ್ ಅಳಿಸಿ ಹಾಕಿ, ವಿಂಡೋಸ್ ಹೊಸದಾಗಿ ಹಾಕಿ ಎಲ್ಲ ಸುಸ್ತಾಗಿ ಬಂದಿರುತ್ತಾರೆ ಪಾಪ.

ಪ್ರಶ್ನೆ ಕೇಳಿದವರು:
ಸರಿ ಮೇಡಂ, ಎರಡು ಹಾಕುತ್ತೇನೆ. ಇನ್ನೊಂದು ಗೊಂದಲ. ಬಾಕ್ಸ್‌ನಲ್ಲಿ 8 ಪಿನ್ ಕೇಬಲ್ ಎರಡು ಥರ ಇದೆ. ಒಂದು 4+4 ಆಗಿ ಬಿಡಿಸಿಕೊಳ್ಳುತ್ತದೆ, ಇನ್ನೊಂದು 6+2 ಆಗಿ. ಎರಡೂ ಕಪ್ಪು, ನೋಡಲು ಒಂದೇ ಥರ.

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. ಗ್ರಾಫಿಕ್ಸ್ ಕಾರ್ಡ್‌ಗೆ 6+2. 4+4 ಇರುವುದು ಪ್ರೊಸೆಸರ್‌ಗೆ, ಅದು ಮದರ್‌ಬೋರ್ಡ್‌ನ ಮೇಲ್ಗಡೆ ಮೂಲೆಗೆ ಹೋಗುತ್ತದೆ. ಪ್ಲಗ್ ಮೇಲೆ ಸಣ್ಣ ಅಕ್ಷರದಲ್ಲಿ ಪಿಸಿಐ-ಇ (ಗ್ರಾಫಿಕ್ಸ್ ಕಾರ್ಡ್‌ನದು) ಅಥವಾ ಸಿಪಿಯು (ಪ್ರೊಸೆಸರ್‌ದು) ಅಂತ ಸಾಮಾನ್ಯವಾಗಿ ಇರುತ್ತದೆ, ಮೊಬೈಲ್ ಟಾರ್ಚ್ ಹಿಡಿದು ನೋಡಿ.

ವೈರ್‌ಗಳಿಗೆ ಬಣ್ಣ ಇದ್ದ ಹಳೇ ಕೇಬಲ್ ಸಿಕ್ಕರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಪ್ರೊಸೆಸರ್ ಪ್ಲಗ್‌ನಲ್ಲಿ ಹಳದಿ ನಾಲ್ಕು, ಕಪ್ಪು ನಾಲ್ಕು. ಹಳದಿ ಅಂದರೆ 12 ವೋಲ್ಟ್, ಕಪ್ಪು ಅಂದರೆ ಗ್ರೌಂಡ್, ಕರೆಂಟ್ ವಾಪಸ್ ಹೋಗುವ ದಾರಿ. ಹಳದಿ ಸಾಲು ಲಾಕ್ ಇರುವ ಕಡೆಗೆ. ಗ್ರಾಫಿಕ್ಸ್ ಪ್ಲಗ್‌ನಲ್ಲಿ ಹಳದಿ ಮೂರೇ, ಕಪ್ಪು ಐದು, ಮತ್ತು ಲಾಕ್ ಕಡೆಗಿರುವುದು ಕಪ್ಪು ಸಾಲು. ಪೂರ್ತಿ ಉಲ್ಟಾ ಅಲ್ವಾ? ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೆ 12 ವೋಲ್ಟ್ ನೇರ ಗ್ರೌಂಡ್‌ಗೆ ತಾಗುತ್ತದೆ. ಎಸ್‌ಎಂಪಿಎಸ್ ಟ್ರಿಪ್ ಆದರೆ ಪುಣ್ಯ. ಹೀಗಾಗಬಾರದು ಅಂತಲೇ ಎರಡೂ ಪ್ಲಗ್‌ಗಳ ಪಿನ್ ಗೂಡುಗಳ ಆಕಾರ ಬೇರೆ ಇಟ್ಟಿದ್ದಾರೆ, ಕೆಲವು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದೆ. ಜೋರು ಮಾಡಿದರೆ ಪ್ಲಾಸ್ಟಿಕ್ ಬಾಗಿ ಒಳಗೆ ಹೋಗಿಬಿಡಬಹುದು. ಅದಕ್ಕೇ, ಹೋಗುತ್ತಿಲ್ಲ ಅನಿಸಿದ ತಕ್ಷಣ ಕೈ ನಿಲ್ಲಿಸಿ.

6+2 ಹಾಕುವ ರೀತಿ ಹೀಗೆ. ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ಪಿನ್ ತುಂಡಿನ ಪಕ್ಕದಲ್ಲಿ ಒಂದು ಸಣ್ಣ ಏಣು ಇರುತ್ತದೆ, ಅದನ್ನು ಆರು ಪಿನ್ ತುಂಡಿಗೆ ಹೊಂದಿಸಿ ಎರಡನ್ನೂ ಒಟ್ಟಿಗೆ ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ. ಇಲ್ಲದಿದ್ದರೆ ಆರು ಒಳಗೆ ಹೋಗಿ ಎರಡು ಹಿಂದೆ ಉಳಿಯುತ್ತದೆ. ಇನ್ನೊಂದು ಕೈಯಲ್ಲಿ ಕಾರ್ಡ್ ಅಲುಗದಂತೆ ಹಿಡಿದು ನೇರ ಒತ್ತಿ. ಟಕ್ ಅಂದ ಮೇಲೆ ಲಾಕ್‌ನ ಕೊಕ್ಕೆ ಸಾಕೆಟ್‌ನ ಏಣಿನ ಮೇಲೆ ಕೂತಿದೆಯಾ ಅಂತ ಕಣ್ಣಲ್ಲೇ ನೋಡಿ. ಆಮೇಲೆ ಮೆಲ್ಲಗೆ ಹಿಂದಕ್ಕೆ ಎಳೆಯಿರಿ, ಬರಬಾರದು. ಶಬ್ದ ಒಂದನ್ನೇ ನಂಬಬೇಡಿ.

ಇನ್ನೊಬ್ಬ ಸದಸ್ಯರು:
ನನ್ನ ಹತ್ತಿರ ಎರಡನೇ ಕೇಬಲ್ ಇಲ್ಲ. ಹಳೇ ಎಸ್‌ಎಂಪಿಎಸ್‌ದು ಒಂದಿದೆ, ಬೇರೆ ಕಂಪನಿಯದು. ಹಾಕಿ ನೋಡಿದೆ, ಕರೆಕ್ಟಾಗಿ ಕೂರುತ್ತದೆ. ಆನ್ ಮಾಡಬಹುದಾ?

ಉತ್ತರ:
ಬೇಡ! ಈಗಲೇ ತೆಗೆದಿಡಿ.

ಕಾರ್ಡ್ ಕಡೆಯ ತುದಿಗೆ ಮಾತ್ರ ಎಲ್ಲ ಕಂಪನಿಗೂ ಒಂದೇ ನಿಯಮ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಯಾವ ಪಿನ್‌ನಲ್ಲಿ 12 ವೋಲ್ಟ್, ಯಾವುದರಲ್ಲಿ ಗ್ರೌಂಡ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಕೂತಿತು ಅಂದರೆ ಅಳತೆ ಸರಿ ಇದೆ ಅಂತಷ್ಟೇ ಅರ್ಥ. ಹಾರ್ಡ್ ಡಿಸ್ಕ್ ಕೇಬಲ್ ಹೀಗೆ ಅದಲು ಬದಲಾದರೆ 5 ವೋಲ್ಟ್ ಜಾಗಕ್ಕೆ 12 ಹೋಗಿ ಡಿಸ್ಕ್ ಡೇಟಾ ಸಮೇತ ಹಾಳಾಗುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದುತ್ತದೆ ಅಂತ ಕಂಪನಿ ಹೇಳುವ ಕೇಬಲ್ಲನ್ನೇ ತರಿಸಿ. ಎಸ್‌ಎಂಪಿಎಸ್ ಬದಲಾಯಿಸುವಾಗಲೂ ಹೀಗೇ. ಒಳಗಿನ ಕೇಬಲ್ ಬಿಚ್ಚಲು ಬೇಜಾರಾಗಿ ಹಳೆಯದಕ್ಕೇ ಹೊಸ ಡಬ್ಬ ಸಿಕ್ಕಿಸುವವರಿದ್ದಾರೆ. ಪೂರ್ತಿ ಬಿಚ್ಚಿ, ಹೊಸದನ್ನೇ ಎಳೆಯಿರಿ.

ಅದೇ ಸದಸ್ಯರು:
ತೆಗೆದೆ. ಹಾಗಾದರೆ ಸಾಟಾದಿಂದ (ಹಾರ್ಡ್ ಡಿಸ್ಕ್‌ಗೆ ಹಾಕುವ ಪವರ್ ಪ್ಲಗ್) 6 ಪಿನ್‌ಗೆ ಕನ್ವರ್ಟರ್ ಸಿಗುತ್ತದಲ್ಲ, ಅದು?

ಉತ್ತರ:
ಅದೂ ಬೇಡ. ಸಾಟಾ ಪವರ್ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಮೂರು ಪುಟ್ಟ ಪಿನ್, ತಲಾ ಒಂದೂವರೆ ಆಂಪ್. ಒಟ್ಟು 54 ವ್ಯಾಟ್. 6 ಪಿನ್‌ನಲ್ಲಿ ಕಾರ್ಡ್ 75 ವ್ಯಾಟ್ ಕೇಳಬಹುದು. ಉಳಿದಿದ್ದು ಎಲ್ಲಿಂದ ಬರಬೇಕು? ಪ್ಲಗ್ ಕರಗುತ್ತದೆ. ಕಾರ್ಡ್‌ಗೆ ಬೇಕಾದಷ್ಟು ಪಿಸಿಐ-ಇ ಕೇಬಲ್ಲೇ ಇಲ್ಲದ ಎಸ್‌ಎಂಪಿಎಸ್ ಸಾಮಾನ್ಯವಾಗಿ ಆ ಕಾರ್ಡ್‌ಗೆ ತಕ್ಕದ್ದೂ ಆಗಿರುವುದಿಲ್ಲ.

ಮತ್ತೊಬ್ಬ ಸದಸ್ಯರು:
ಹೊಸ ಎನ್‌ವಿಡಿಯಾ ಕಾರ್ಡ್‌ಗಳ 16 ಪಿನ್ ಪ್ಲಗ್ ಕರಗುತ್ತದೆ ಅಂತ ಓದಿ ಭಯ ಆಗಿದೆ. ನನ್ನದು ಆರ್‌ಟಿಎಕ್ಸ್ 4090.

ಉತ್ತರ:
2022ರ ಅಕ್ಟೋಬರ್‌ನಲ್ಲಿ 4090 ಬಂದ ಕೂಡಲೇ ಶುರುವಾದ ಗಲಾಟೆ ಅದು. ಹೆಚ್ಚಿನ ಕಡೆ ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ ಅಂತ ಎನ್‌ವಿಡಿಯಾ ಹೇಳಿತು. ನನ್ನ ಪ್ರಕಾರ ಬಳಸುವವರನ್ನು ಮಾತ್ರ ದೂರಿದರೆ ಆಗದು. ಹಳೇ 8 ಪಿನ್‌ನಲ್ಲಿ 150 ವ್ಯಾಟ್ ಅಂದರೆ ಒಂದು ಪಿನ್‌ಗೆ ನಾಲ್ಕು ಆಂಪ್‌ಗಿಂತ ಸ್ವಲ್ಪ ಜಾಸ್ತಿ. ಇದರಲ್ಲಿ 600 ವ್ಯಾಟ್ ಅಂದರೆ 50 ಆಂಪ್, ಅದನ್ನು ಹೊರುವುದು ಆರು ಪಿನ್, ಒಂದೊಂದಕ್ಕೆ ಎಂಟಕ್ಕೂ ಜಾಸ್ತಿ. ಅದೂ ಇನ್ನೂ ಸಣ್ಣ ಪಿನ್. ಹೆಚ್ಚುಕಮ್ಮಿ ಆದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. 2023ರಲ್ಲಿ ಸಾಕೆಟ್ ತಿದ್ದಿದರು: ಪವರ್ ಪಿನ್ ಉದ್ದ ಮಾಡಿ, ಪ್ಲಗ್ ಕೂತಿದೆಯಾ ಅಂತ ನೋಡುವ ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿದರು. ಪ್ಲಗ್ ಅರ್ಧಂಬರ್ಧ ಹೋಗಿದ್ದರೆ ಕಾರ್ಡ್ ಶುರುವೇ ಆಗಬಾರದು ಅನ್ನುವುದು ಉದ್ದೇಶ.

ನೀವು ಮಾಡಬೇಕಾದ್ದು: ಪ್ಲಗ್ ಮತ್ತು ಸಾಕೆಟ್ ನಡುವೆ ಸಂದು ಕಾಣಬಾರದು. ಪ್ಲಗ್‌ನಿಂದ ಹೊರಟ ವೈರ್ ಸುಮಾರು 35 ಮಿಲಿಮೀಟರ್ ನೇರ ಹೋಗಿ ಆಮೇಲೆ ಬಾಗಲಿ. ಕ್ಯಾಬಿನೆಟ್ ಬಾಗಿಲು ಕೇಬಲ್ಲನ್ನು ಒತ್ತುತ್ತಿದ್ದರೆ ಬಾಗಿಲು ತೆಗೆದಿಡಿ. ಕಾರ್ಡ್ ಜೊತೆಗೆ ಬಂದ, 8 ಪಿನ್ ಕೇಬಲ್‌ಗಳನ್ನು 16 ಪಿನ್‌ಗೆ ಸೇರಿಸುವ ಅಡಾಪ್ಟರ್ ಹಾಕುವುದಾದರೆ ಅದರ ಪ್ರತಿ 8 ಪಿನ್‌ಗೂ ಬೇರೆ ಬೇರೆ ಕೇಬಲ್. ಸುಮ್ಮನೆ ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಾ ಇರಬೇಡಿ, ಬಿಚ್ಚಿ ಹಾಕಿದಷ್ಟೂ ಪಿನ್‌ನ ಹಿಡಿತ ಸಡಿಲವಾಗುತ್ತದೆ.

ಪ್ರಶ್ನೆ ಕೇಳಿದವರು:
ಮೇಡಂ, ಎರಡು ಕೇಬಲ್ ಹಾಕಿ ಆನ್ ಮಾಡಿದೆ. ಕ್ಯಾಬಿನೆಟ್ ಫ್ಯಾನ್ ಎಲ್ಲ ತಿರುಗುತ್ತಿವೆ. ಸ್ಕ್ರೀನ್ ಮಾತ್ರ ಕಪ್ಪು.

ಉತ್ತರ:
ಮಾನಿಟರ್ ಕೇಬಲ್ ಎಲ್ಲಿ ಹಾಕಿದ್ದೀರಿ? ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿದ್ದರೆ ತೆಗೆದು ಕಾರ್ಡ್‌ನದ್ದಕ್ಕೆ ಹಾಕಿ. ಅದು ಸರಿ ಇದ್ದರೆ ಆಫ್ ಮಾಡಿ, ಎಸ್‌ಎಂಪಿಎಸ್ ಕಡೆಯ ತುದಿ ಒತ್ತಿ ನೋಡಿ. ಕಾರ್ಡ್ ಕಡೆ ಎಲ್ಲರೂ ಜೋಪಾನವಾಗಿ ಹಾಕುತ್ತಾರೆ, ಆ ಕಡೆ ಕತ್ತಲಲ್ಲಿ ಕೈ ತೂರಿಸಿ ಅಂದಾಜಿನಲ್ಲಿ ಸಿಕ್ಕಿಸಿರುತ್ತಾರೆ.

ಪ್ರಶ್ನೆ ಕೇಳಿದವರು:
ಎಸ್‌ಎಂಪಿಎಸ್ ಕಡೆಯದೇ. ಒಂದು ಅರ್ಧ ಮಾತ್ರ ಒಳಗಿತ್ತು. ಈಗ ಬಂತು! ಗೇಮ್ ಆಡಿದ ಮೇಲೆ ಕೇಬಲ್ ಸ್ವಲ್ಪ ಬೆಚ್ಚಗಿದೆ, ಪರವಾಗಿಲ್ವಾ?

ಉತ್ತರ:
ಬೆಚ್ಚಗಿದ್ದರೆ ಪರವಾಗಿಲ್ಲ, ಕಾರ್ಡ್‌ನ ಬಿಸಿಗಾಳಿಯೂ ಅದಕ್ಕೆ ತಾಗುತ್ತದೆ. ಬೆರಳಿಡಲು ಆಗದಷ್ಟು ಸುಟ್ಟರೆ, ಅಥವಾ ಪ್ಲಗ್ ಹತ್ತಿರ ಪ್ಲಾಸ್ಟಿಕ್ ವಾಸನೆ ಬಂದರೆ ತಕ್ಷಣ ಆಫ್ ಮಾಡಿ ಪಿನ್‌ಗಳ ಫೋಟೋ ಹಾಕಿ. ಮತ್ತೆ, ಎರಡೂ ಕೇಬಲ್‌ನಲ್ಲಿ ಒಂದೊಂದು ಪ್ಲಗ್ ಖಾಲಿ ನೇತಾಡುತ್ತಿರುತ್ತದಲ್ಲ, ಅವನ್ನು ಟೈ ಹಾಕಿ ಫ್ಯಾನ್‌ಗೆ ತಾಗದ ಹಾಗೆ ಕಟ್ಟಿಬಿಡಿ.