ನಗಿಸುವ ಜಾಹೀರಾತು ನೋಯಿಸತೊಡಗುವುದು ಎಲ್ಲಿಂದ?

ಪ್ರಶ್ನೆ

ನಾನು ಜಾಹೀರಾತು ಸಂಸ್ಥೆಯೊಂದರಲ್ಲಿ ಕಾಪಿರೈಟರ್. ಶ್ರವಣ ಸಾಧನ ತಯಾರಿಸುವ ಗ್ರಾಹಕರೊಬ್ಬರಿಗಾಗಿ ಮೂವತ್ತು ಸೆಕೆಂಡುಗಳ ಜಾಹೀರಾತೊಂದನ್ನು ಬರೆದಿದ್ದೇನೆ. ಊಟದ ಮೇಜಿನ ಸುತ್ತ ಮನೆಯವರೆಲ್ಲ ಕುಳಿತಿರುತ್ತಾರೆ. ಅಜ್ಜ ಪ್ರತಿಯೊಂದು ಮಾತನ್ನೂ ಬೇರೊಂದಾಗಿ ಕೇಳಿಸಿಕೊಳ್ಳುತ್ತಾನೆ. ಮೊಮ್ಮಗಳು ಮದುವೆಯ ಸುದ್ದಿ ಹೇಳಿದರೆ, ಒಡವೆ ಎಲ್ಲಿ ಕಳೆದೆ ಎಂದು ಗದರುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ ಸಾಧನದ ಹೆಸರು ಪರದೆಯ ಮೇಲೆ ಮೂಡುತ್ತದೆ.

ಇದನ್ನು ಸಭೆಯಲ್ಲಿ ಓದಿದಾಗ ಎಂಟು ಜನರಲ್ಲಿ ಏಳು ಜನ ನಕ್ಕರು. ನಗದೆ ಉಳಿದವರು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು. ಅವರ ಕೈ ಬಲಗಿವಿಯ ತನಕ ಹೋಗಿ, ಅಲ್ಲಿದ್ದ ಪುಟ್ಟ ಸಾಧನವನ್ನು ಮುಟ್ಟದೆಯೇ, ಮತ್ತೆ ಮೇಜಿನ ಮೇಲಿದ್ದ ಕಡತಕ್ಕೆ ಇಳಿಯಿತು. ಅವರು ಅದನ್ನು ಧರಿಸುತ್ತಾರೆಂಬುದು ಮೂರು ವರ್ಷಗಳಿಂದ ಅವರೊಡನೆ ಕೆಲಸ ಮಾಡುತ್ತಿರುವ ನನಗೆ ತಿಳಿದದ್ದೇ ಅಂದು.

ಎಲ್ಲರಿಗೂ ಹಿತವಾಗುವ ಹಾಸ್ಯ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಸ್ವಲ್ಪ ಚುಚ್ಚಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ ಎಂಬುದು ನಮ್ಮ ನಿರ್ದೇಶಕರ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನೂ ಹೇಳಲಾರೆ. ಆದರೆ ಕೆಣಕುವ ಹಾಸ್ಯ ಅವಮಾನವಾಗಿ ಮಾರ್ಪಡುವ ಗಡಿಯನ್ನು, ಜಾಹೀರಾತು ಹೊರಬಿದ್ದು ಕ್ಷಮೆ ಕೇಳುವ ಹೊತ್ತು ಬರುವ ಮೊದಲೇ, ಗುರುತಿಸಲು ಸಾಧ್ಯವೇ?

ಪ್ರತಿಕ್ರಿಯೆ 1

ಏಳಕ್ಕೆ ಒಂದು ಎಂಬ ಲೆಕ್ಕವನ್ನು ಮೊದಲು ಬದಿಗಿಡಿ. ಅಸಮಾಧಾನಗೊಂಡವರ ತಲೆ ಎಣಿಸಿ ಗಡಿ ಗುರುತಿಸಲು ಆಗುವುದಿಲ್ಲ ಎನ್ನುವುದಕ್ಕೆ ಬ್ರಿಟನ್ನಿನಲ್ಲಿ ಜಾಹೀರಾತುಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿ ಎಂಬ ಸಂಸ್ಥೆಯ ತೀರ್ಮಾನಗಳೇ ಸಾಕ್ಷಿ. 2005ರಲ್ಲಿ ಕಾಲ್ ಸೆಂಟರಿನ ಹುಡುಗಿಯರು ಬಾಯಿತುಂಬ ಆಹಾರ ಇಟ್ಟುಕೊಂಡು ಹಾಡುವ ಕೆಎಫ್‌ಸಿ ಜಾಹೀರಾತಿನ ವಿರುದ್ಧ 1,671 ದೂರುಗಳು ಬಂದವು. ಮಕ್ಕಳು ಇದನ್ನು ನೋಡಿ ಕೆಟ್ಟ ಅಭ್ಯಾಸ ಕಲಿಯುತ್ತಾರೆ ಎಂಬುದು ಬಹುಪಾಲು ದೂರುದಾರರ ಅಳಲು. ಸಂಸ್ಥೆ ಒಂದು ದೂರನ್ನೂ ಎತ್ತಿಹಿಡಿಯಲಿಲ್ಲ.

2014ರಲ್ಲಿ ಪ್ಯಾಡಿ ಪವರ್ ಎಂಬ ಬೆಟ್ಟಿಂಗ್ ಕಂಪನಿಯ ಪತ್ರಿಕಾ ಜಾಹೀರಾತಿಗೆ ಬಂದ ದೂರುಗಳು 5,525. ಗೆಳತಿಯನ್ನು ಗುಂಡಿಕ್ಕಿ ಕೊಂದ ಆರೋಪ ಹೊತ್ತಿದ್ದ ಓಟಗಾರ ಆಸ್ಕರ್ ಪಿಸ್ಟೋರಿಯಸ್‌ನ ಮೊಕದ್ದಮೆಯ ಮೇಲೆ ಬಾಜಿ ಕಟ್ಟಿರಿ, ಆತ ‘ನಡೆದು’ ಹೊರಬಂದರೆ ನಿಮ್ಮ ಹಣ ವಾಪಸ್ ಎಂಬುದು ಅದರ ಒಕ್ಕಣೆ. ಇಂಗ್ಲಿಷಿನ ‘ವಾಕ್’ ಎಂಬ ಪದಕ್ಕೆ ನಡೆಯುವುದು ಎಂಬಂತೆಯೇ ಖುಲಾಸೆಯಾಗುವುದು ಎಂಬ ಅರ್ಥವೂ ಇದೆ. ಎರಡೂ ಕಾಲುಗಳನ್ನು ಕಳೆದುಕೊಂಡ ವ್ಯಕ್ತಿಯ ಬಗ್ಗೆ, ಹೆಣ್ಣುಮಗಳೊಬ್ಬಳು ಗುಂಡೇಟಿಗೆ ಬಲಿಯಾದ ಪ್ರಕರಣದ ಬಗ್ಗೆ, ಒಂದೇ ಕ್ರಿಯಾಪದದಲ್ಲಿ ಮಾಡಿದ ಶ್ಲೇಷೆ ಅದು. ಅಲ್ಲಿ ಸಂಸ್ಥೆ ದೂರನ್ನು ಎತ್ತಿಹಿಡಿಯಿತು.

ಮೊದಲನೆಯದರಲ್ಲಿ ಪೆಟ್ಟು ಬಿದ್ದದ್ದು ಊಟದ ಶಿಷ್ಟಾಚಾರಕ್ಕೆ. ಎರಡನೆಯದರಲ್ಲಿ ಸತ್ತವಳಿಗೆ, ಅವಳಿಗಾಗಿ ಅಳುತ್ತಿದ್ದ ಮನೆಯವರಿಗೆ. ಶಿಷ್ಟಾಚಾರಕ್ಕೆ ನೋವಾಗುವುದಿಲ್ಲ. ನನ್ನ ಮಟ್ಟಿಗೆ ಗಡಿ ಇರುವುದು ಅಲ್ಲಿಯೇ.

ಪ್ರತಿಕ್ರಿಯೆ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದರಿಂದ ಅಂಗವೈಕಲ್ಯದ ಸುದ್ದಿಗೇ ಹೋಗಬಾರದು ಎಂಬ ಅರ್ಥ ಹೊರಡಬಾರದು. ಅದೇ ಪ್ಯಾಡಿ ಪವರ್ 2010ರಲ್ಲಿ ಅಂಧರ ಫುಟ್‌ಬಾಲ್ ಪಂದ್ಯವೊಂದನ್ನು ತೋರಿಸಿತ್ತು. ಗೆಜ್ಜೆ ಕಟ್ಟಿದ ಬೆಕ್ಕೊಂದು ಮೈದಾನಕ್ಕೆ ನುಗ್ಗುತ್ತದೆ, ಸದ್ದು ಮಾಡುವ ಚೆಂಡೆಂದೇ ಭಾವಿಸಿ ಆಟಗಾರನೊಬ್ಬ ಅದನ್ನು ಒದೆಯುತ್ತಾನೆ, ಬೆಕ್ಕು ಮರದ ಮೇಲೆ ಕಾಣಿಸಿಕೊಳ್ಳುತ್ತದೆ. 1,313 ದೂರುಗಳು ಬಂದರೂ ಅದು ನಿಷೇಧಕ್ಕೊಳಗಾಗಲಿಲ್ಲ. ಆ ಚಿತ್ರದಲ್ಲಿ ಅಂಧರು ಮೈದಾನದಲ್ಲಿ ಓಡುವ, ಒದೆಯುವ, ಗೋಲಿಗಾಗಿ ಸೆಣಸುವ ಆಟಗಾರರು, ಕರುಣೆಯ ಬೊಂಬೆಗಳಲ್ಲ. (ಬೆಕ್ಕಿನ ಪರವಾಗಿ ನನಗೂ ಸ್ವಲ್ಪ ಬೇಸರವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ.)

ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರಾಂಶವನ್ನು ಇಲ್ಲಿ ನೆನೆಯಬಹುದು. ಯಾವುದೋ ಒಂದು ಕಟ್ಟಳೆ ಮುರಿಯುತ್ತಿದೆ ಎಂಬ ಭಾವ, ಅದರಿಂದ ಯಾವ ಕೇಡೂ ಇಲ್ಲ ಎಂಬ ಭಾವ, ಇವೆರಡೂ ಒಟ್ಟಿಗೆ ಮೂಡಿದಾಗ ನಗು ಹುಟ್ಟುತ್ತದೆ ಎಂಬುದು ಅವರ ಪ್ರತಿಪಾದನೆ. ಮುರಿದದ್ದು ಎಲ್ಲರಿಗೂ ಕಾಣುತ್ತದೆ, ಕೇಡಿಲ್ಲ ಎಂದು ಅನ್ನಿಸುವುದು ಮಾತ್ರ ಕೂತ ಜಾಗವನ್ನು ಅವಲಂಬಿಸಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಪ್ರಯೋಗಾಲಯವಿಲ್ಲದೆಯೇ ಹೇಳಿದ್ದೂ ಇದನ್ನೇ. ನಿಮ್ಮ ಸಭೆಯಲ್ಲಿ ಏಳು ಬೆಕ್ಕುಗಳಿದ್ದವು, ಅಷ್ಟೆ.

ಪ್ರತಿಕ್ರಿಯೆ 3

ಉದ್ದೇಶ ಒಳ್ಳೆಯದಾಗಿದ್ದರೆ ಸಾಕೆಂಬ ಸಮಾಧಾನವೂ ಬೇಡ. 2021ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಬರ್ಗರ್ ಕಿಂಗ್‌ನ ಬ್ರಿಟನ್ ಶಾಖೆ ‘ಹೆಂಗಸರ ಜಾಗ ಅಡುಗೆಮನೆ’ ಎಂಬರ್ಥದ ಟ್ವೀಟ್ ಹಾಕಿತು. ವೃತ್ತಿಪರ ಬಾಣಸಿಗರಲ್ಲಿ ಹೆಣ್ಣುಮಕ್ಕಳು ಕಡಿಮೆ ಇದ್ದಾರೆ, ಅವರ ಕಲಿಕೆಗೆ ನೆರವಾಗುತ್ತೇವೆ ಎಂಬ ನಿಜವಾದ ವಿಷಯ ಇದ್ದದ್ದು ಅದರ ಕೆಳಗಿನ ಟ್ವೀಟ್‌ಗಳಲ್ಲಿ. ಜನ ಹಂಚಿಕೊಂಡದ್ದು ಮೊದಲ ಸಾಲನ್ನು ಮಾತ್ರ. ಕಂಪನಿ ಅದನ್ನು ಅಳಿಸಿ ಕ್ಷಮೆ ಕೇಳಬೇಕಾಯಿತು. ವಿವರಣೆ ಕೈಕೊಟ್ಟಾಗ ಬರಿ ಕೊಂಕು ಮಾತು ಉಳಿಯುತ್ತದೆ. ನಿಮ್ಮ ಅಜ್ಜನ ದೃಶ್ಯದಿಂದಲೂ ಯಾರಾದರೂ ಹತ್ತು ಸೆಕೆಂಡು ಕತ್ತರಿಸಿಕೊಂಡರೆ ಉಳಿಯುವುದು ಕಿವುಡನೊಬ್ಬನ ಗೇಲಿಯೇ.

ಪ್ರತಿಕ್ರಿಯೆ 4

ಚುಚ್ಚಬೇಕೆಂದಿದ್ದರೆ ತಮ್ಮನ್ನೇ ಚುಚ್ಚಿಕೊಳ್ಳಬಹುದಲ್ಲ. 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ನೂರಾರು ಕೆಎಫ್‌ಸಿ ಮಳಿಗೆಗಳು ಕೋಳಿಮಾಂಸ ಸರಬರಾಜಾಗದೆ ಬಾಗಿಲು ಹಾಕಿದಾಗ, ಕಂಪನಿ ಖಾಲಿ ಬಕೆಟ್ಟಿನ ಮೇಲೆ ತನ್ನದೇ ಹೆಸರಿನ ಅಕ್ಷರಗಳನ್ನು ಬಯ್ಗುಳದಂತೆ ತೋರುವ ಹಾಗೆ ಅದಲುಬದಲು ಮಾಡಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿತು. ಬಯ್ಗುಳವೂ ಇತ್ತು, ಕೆಣಕುವಿಕೆಯೂ ಇತ್ತು, ಏಟು ಮಾತ್ರ ತನ್ನ ತಲೆಯ ಮೇಲೇ ಬಿದ್ದಿತ್ತು.

ನಿಮ್ಮ ಪ್ರಕರಣದಲ್ಲಿ ಇನ್ನೂ ಸರಳವಾದ ತೊಡಕೊಂದಿದೆ. ಸಾಧನವನ್ನು ಕೊಳ್ಳಬೇಕಾದವರು ನಗುತ್ತಿರುವ ಮನೆಯವರಲ್ಲ, ಆ ಅಜ್ಜ. ಕೊಳ್ಳುವವನನ್ನೇ ನಗೆಪಾಟಲು ಮಾಡಿ ಅವನಿಗೇ ಸರಕು ಮಾರುವುದನ್ನು ನೀತಿಯ ಮಾತಿರಲಿ, ವ್ಯಾಪಾರವೆಂದೂ ಕರೆಯಲಾಗದು. ಕಿವಿ ಮಂದವಾದ ಎಷ್ಟೋ ಜನ ಸಾಧನ ಹಾಕಿಕೊಳ್ಳಲು ಹಿಂಜರಿಯುವುದೇ ಇಂಥ ನಗೆಗೆ ಹೆದರಿ. ಇನ್ನು, ನಿಮ್ಮ ಸಹೋದ್ಯೋಗಿಯನ್ನು ಒಮ್ಮೆ ಮಾತನಾಡಿಸಿ. ಆದರೆ ಸಮಸ್ತ ಶ್ರವಣದೋಷವುಳ್ಳವರ ಪರವಾಗಿ ಅಪ್ಪಣೆ ಕೊಡುವ ಹೊರೆಯನ್ನು ಅವರೊಬ್ಬರ ಮೇಲೆ ಹೊರಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದೃಶ್ಯವನ್ನು ತಿರುಗಿಸಿ ಬರೆದಿದ್ದೇನೆ. ಮೇಜು ಅದೇ, ಮನೆಯವರೂ ಅವರೇ. ಅಜ್ಜನಿಗೆ ಈಗ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ: ಅಡುಗೆಮನೆಯಲ್ಲಿ ತನ್ನ ಬಗ್ಗೆ ಆಡುವ ಪಿಸುಮಾತು, ಅಳಿಯನ ಮುಗಿಯದ ಸ್ವಪ್ರಶಂಸೆ, ಎಲ್ಲವೂ. ಕೊನೆಗೆ ಆತ ನಿಧಾನವಾಗಿ ಕಿವಿಯ ಹತ್ತಿರ ಬೆರಳು ಒಯ್ದು, ಸಾಧನವನ್ನು ಆಫ್ ಮಾಡಿ, ನೆಮ್ಮದಿಯಿಂದ ಊಟ ಮುಂದುವರಿಸುತ್ತಾನೆ. ಮಾರಬೇಕಾದ ವಸ್ತುವನ್ನೇ ಆಫ್ ಮಾಡಿ ತೋರಿಸುವುದೇ ಎಂದು ನಿರ್ದೇಶಕರು ಮುಖ ಸಿಂಡರಿಸಿದ್ದಾರೆ. ಗ್ರಾಹಕರು ಇನ್ನೂ ನೋಡಿಲ್ಲ.

ಲೆಕ್ಕಪತ್ರ ವಿಭಾಗದ ಹಿರಿಯರ ಬಳಿಗೂ ಹೋಗಿದ್ದೆ. ಅಪ್ಪಣೆ ಕೇಳಲಿಲ್ಲ, ಅಂದಿನ ಸಭೆಗಾಗಿ ಕ್ಷಮೆ ಕೇಳಿ ಹೊಸ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ‘ತಿಂಗಳ ಕೊನೆಯ ಸಭೆಯಲ್ಲಿ ನಿಮ್ಮ ನಿರ್ದೇಶಕರು ಮಾತಿಗೆ ನಿಂತಾಗ ನಾನು ಮಾಡುವುದೂ ಇದನ್ನೇ, ಅವರಿಗೆ ಹೇಳಬೇಡಿ’ ಎಂದರು.