ಬಸುರಿ ಅಂತ ಗೊತ್ತಾಗುವ ಮೊದಲು ಕುಡಿದಿದ್ದೆ, ಈಗೇನು ಮಾಡಲಿ?

ಪ್ರಶ್ನೆ: ಮೇಡಂ, ನನಗೀಗ ಏಳು ವಾರ. ಗೊತ್ತಾಗುವ ಮೊದಲು ಎರಡು ಮೂರು ಸಲ ವೈನ್ ಕುಡಿದಿದ್ದೆ. ಗೊತ್ತಾದ ದಿನವೇ ಬಿಟ್ಟೆ. ಸಿಗರೇಟು ಮಾತ್ರ ದಿನಕ್ಕೆ ಎರಡು ಸೇದುತ್ತಿದ್ದೇನೆ. ಒಂದೇ ಸಲ ಬಿಟ್ಟರೆ ಮಗುವಿಗೆ ಶಾಕ್ ಆಗುತ್ತೆ ಅಂತ ಗೆಳತಿ ಹೇಳಿದಳು. ನಿಜವಾ? ಇದನ್ನೆಲ್ಲ ಡಾಕ್ಟರಿಗೆ ಹೇಳಲೇಬೇಕಾ?

ಉತ್ತರ (ಸ್ತ್ರೀರೋಗ ತಜ್ಞೆ): ಹೇಳಲೇಬೇಕು. ಬೈಸಿಕೊಳ್ಳುವ ಭಯ ಇರುತ್ತೆ, ಅರ್ಥವಾಗುತ್ತೆ. ಬೈಯುವ ಡಾಕ್ಟರ್ ಸಿಕ್ಕರೆ ಬೇರೆಯವರನ್ನು ನೋಡಿ, ವಿಷಯ ಮಾತ್ರ ಮುಚ್ಚಿಡಬೇಡಿ.

ಕುಡಿದದ್ದು ಎರಡು ಮೂರು ಸಲ, ಗೊತ್ತಾದ ಕೂಡಲೇ ಬಿಟ್ಟಿದ್ದೀರಿ. ತೊಂದರೆ ಆಗುವ ಸಾಧ್ಯತೆ ಕಡಿಮೆ. ಇದಕ್ಕೇ ಹೆದರಿ ಗರ್ಭ ತೆಗೆಸಲು ಹೊರಡುವವರೂ ಇದ್ದಾರೆ, ದಯವಿಟ್ಟು ಬೇಡ. ಆದರೆ ಇನ್ನು ಮುಂದೆ ಒಂದು ಗುಟುಕೂ ಬೇಡ. ಮದ್ಯ ಮಾಸುವನ್ನು ದಾಟಿ ನೇರ ಮಗುವಿನ ರಕ್ತಕ್ಕೆ ಹೋಗುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬೆಳೆದಿರುವುದಿಲ್ಲ. ಮಿದುಳಂತೂ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ 'ಮೂರು ತಿಂಗಳು ದಾಟಿದ ಮೇಲೆ ಸ್ವಲ್ಪ ಪರವಾಗಿಲ್ಲ' ಎನ್ನುವುದು ಸುಳ್ಳು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ.

ಸಿಗರೇಟು ಇವತ್ತೇ ಬಿಡಿ. ಶಾಕ್ ಅನ್ನೋದೆಲ್ಲ ಸುಮ್ನೆ ಮಾತು. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಕೂತುಬಿಡುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆ, ಮಾಸು ಬೇಗ ಕಳಚುವುದು ಇದರಿಂದಲೇ ಜಾಸ್ತಿ. ಬಾಯಲ್ಲಿಡುವ ತಂಬಾಕೂ ಅಷ್ಟೇ ಕೆಟ್ಟದ್ದು. ಬಿಡಲು ಆಗದಿದ್ದರೆ ಕೌನ್ಸೆಲಿಂಗ್ ಇದೆ, ಕೇಳಿ.

ಇನ್ನೊಬ್ಬರ ಪ್ರಶ್ನೆ: ಬೆನ್ನುನೋವಿಗೆ ಅಂತ ಶುರು ಮಾಡಿದ ಟ್ರಮಡಾಲ್ ಈಗ ಇಲ್ಲದೆ ಆಗೋದೇ ಇಲ್ಲ. ಐದು ತಿಂಗಳು. ನಾಳೆಯಿಂದಲೇ ನಿಲ್ಲಿಸಲಾ?

ಉತ್ತರ: ಬೇಡ! ನಿಮಗೆ ನಾನು ಹೇಳುವುದು ಮೇಲಿನದಕ್ಕೆ ಉಲ್ಟಾ. ಟ್ರಮಡಾಲ್, ಹೆರಾಯಿನ್‌ನಂಥವನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಬೆವರು, ವಾಂತಿ, ಹೊಟ್ಟೆ ಹಿಂಡುವುದು ಶುರುವಾಗುತ್ತದೆ. ತಡೆಯಲಾರದೆ ಮತ್ತೆ ಜಾಸ್ತಿ ತೆಗೆದುಕೊಳ್ಳುವವರೇ ಹೆಚ್ಚು. ದಿನಾ ವಿಪರೀತ ಕುಡಿಯುವವರು, ಬಹಳ ಕಾಲದಿಂದ ನಿದ್ದೆ ಮಾತ್ರೆ ನುಂಗುವವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಇದೇ ವಾರ ಡಾಕ್ಟರನ್ನು ನೋಡಿ. ಅವರು ಡೋಸ್ ನಿಧಾನವಾಗಿ ಇಳಿಸಬಹುದು, ಇಲ್ಲವೇ ಅದರ ಬದಲಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಿ ಕೊಡಬಹುದು.

ಹೆರಿಗೆ ಆದ ಮೇಲೆ ಮಗುವಿಗೂ ಈ ಔಷಧಿ ತಟ್ಟನೆ ನಿಂತುಹೋಗುತ್ತದಲ್ವಾ? ಅದರ ತೊಂದರೆ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಗೊತ್ತಾಗುತ್ತದೆ. ಕೀರಲು ದನಿಯಲ್ಲಿ ಬಿಡದೆ ಅಳುತ್ತದೆ, ಕೈಕಾಲು ನಡುಗುತ್ತವೆ, ಹಾಲಿಗೆ ಬಾಯಿಟ್ಟರೂ ಸರಿಯಾಗಿ ಚೀಪುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಬೆಳಕು, ಸದ್ದು ಕಡಿಮೆ ಇರುವ ಕೋಣೆ, ತಾಯಿಯ ಎದೆಗೆ ಒರಗಿಸಿಕೊಳ್ಳುವುದು, ಬೇಕಾದರೆ ಔಷಧಿ. ಮಕ್ಕಳ ಡಾಕ್ಟರಿಗೆ ಮೊದಲೇ ತಿಳಿದಿದ್ದರೆ ಸರಿ. ತಿಳಿಯದಿದ್ದರೆ ಅವರು ಇದನ್ನು ಸೋಂಕು ಅಂದುಕೊಂಡು ಹುಡುಕುತ್ತಾ ಕೂರಬೇಕಾಗುತ್ತದೆ.

ಮತ್ತೊಬ್ಬರು: ವಾಂತಿಗೆ ಗಾಂಜಾ ಒಳ್ಳೆಯದಂತೆ, ಹೌದಾ ಮೇಡಂ?

ಉತ್ತರ: ಅಲ್ಲ. ಅದೂ ಮಾಸು ದಾಟುತ್ತದೆ, ಎದೆಹಾಲಿಗೂ ಹೋಗುತ್ತದೆ. ವಾಂತಿಗೆ ಡಾಕ್ಸಿಲಮೈನ್ ಮಾತ್ರೆ ಇದೆ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.